ಎಣ್ಣೆಯ ಪಾಲು

ಮಾಗಿಯ ಚಳಿ ಕಾಲಿಟ್ಟಿತೆಂದರೆ ತುಟಿ ಬಿರಿಯುತ್ತದೆ, ಮೈ ತುರಿಸುತ್ತದೆ, ತೋಳಿನ ಮೇಲೆ ಉಗುರಿನಿಂದ ಎಳೆದರೆ ಬಿಳಿಯ ಗೆರೆ ಮೂಡುತ್ತದೆ. ಅಂಗಡಿಗಳಲ್ಲಿ ಕ್ರೀಮಿನ ಡಬ್ಬಿಗಳು ಮುಂದಿನ ಸಾಲಿಗೆ ಬರುವುದೂ ಆಗಲೇ. ಇದೆಲ್ಲ ಹೆಂಗಸರ ಅಲಂಕಾರದ ಮಾತೆಂದು ನಕ್ಕುಬಿಡುವ ಗಂಡಸರುಂಟು. ಅವರಿಗೆ ನಾನು ಕೃಷ್ಣದೇವರಾಯನ ಕಥೆ ಹೇಳುತ್ತೇನೆ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮುನ್ನವೇ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ, ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಸಾಧನೆ ಮಾಡುತ್ತಿದ್ದನಂತೆ. ಆಮೇಲೆ ಜಟ್ಟಿಯೊಡನೆ ಕುಸ್ತಿ, ಕುದುರೆ ಸವಾರಿ, ಕೊನೆಗೆ ಸ್ನಾನ.

ಪರದೇಶಿಯ ಕಣ್ಣಿಗೆ ಇದು ಸೋಜಿಗವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಋತುಚರ್ಯೆಯ ಅಧ್ಯಾಯವನ್ನು ತೆಗೆದು ನೋಡಿ. ಹೇಮಂತ ಋತುವಿಗೆಂದು ಅವನು ವಿಧಿಸಿರುವುದು ಮೈಗೆ ಎಣ್ಣೆ, ನೆತ್ತಿಗೆ ಎಣ್ಣೆ, ನುರಿತವರೊಡನೆ ಮಲ್ಲಯುದ್ಧ, ಬಳಿಕ ಒಗರಿನ ಪುಡಿಯಿಂದ ಜಿಡ್ಡು ತೆಗೆದು ಸ್ನಾನ, ಅದಾದ ಮೇಲೆ ಕೇಸರಿ ಕಸ್ತೂರಿಗಳ ಲೇಪನ. ರಾಯನ ಮುಂಜಾನೆ ಬಹುಮಟ್ಟಿಗೆ ಇದೇ ಅಚ್ಚಿನದು. ಅದಕ್ಕೂ ಹಿಂದೆ, 1129ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸ್ನಾನಕ್ಕೂ ವಿಲೇಪನಕ್ಕೂ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿತ್ತು. ನಮ್ಮ ದೊರೆಗಳಿಗೆ ಚರ್ಮದ ಆರೈಕೆ ಆರೋಗ್ಯದ ಭಾಗ, ರಾಜಭೋಗದ ಭಾಗ; ನಾಚಿಕೆಯ ವಿಷಯವಾಗಿರಲಿಲ್ಲ.

ಇಷ್ಟು ಓದಿದ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ರಾಯನ ಮೈಗೆ ಎಣ್ಣೆ ಸಿಕ್ಕಿತು. ಎಳ್ಳು ಬೆಳೆದವನ ಹಿಮ್ಮಡಿಗೆ ಸಿಕ್ಕಿತೆ? ಕನ್ನಡ ಶಾಸನಗಳಲ್ಲಿ ಎಣ್ಣೆಯ ಮಾತಿಗೆ ಬರವಿಲ್ಲ. ಗಾಣಕ್ಕೆ ಇಷ್ಟೆಂದು ಎಣ್ಣೆ ಬಿಟ್ಟ ದತ್ತಿಗಳಿವೆ. ಅದು ಉರಿದದ್ದು ದೇವರ ನಂದಾದೀಪದಲ್ಲಿ. ಕೆಸರಿನಲ್ಲಿ ನಿಂತು, ಕಲ್ಲು ಹೊತ್ತು, ಚಳಿಗೆ ಸೀಳಿದ ಕಾಲನ್ನು ಲೆಕ್ಕಕ್ಕೆ ತೆಗೆದುಕೊಂಡ ಶಾಸನ ನನ್ನ ಕಣ್ಣಿಗೆ ಬಿದ್ದಿಲ್ಲ. ನರಕ ಚತುರ್ದಶಿಯ ಅಭ್ಯಂಗನವನ್ನು ಹಬ್ಬವೆಂದು ಕರೆದದ್ದರಲ್ಲಿ, ಬಡವನ ಮನೆಗೆ ಎಣ್ಣೆ ವರ್ಷಕ್ಕೊಮ್ಮೆಯ ಸಂಭ್ರಮವೆಂಬ ಅರ್ಥವೂ ಅಡಗಿರಬಹುದೆಂದು ನನಗೆ ತೋರುತ್ತದೆ.

ಆ ಕಾಲಿಗೆ ಅಗ್ಗದ ಮದ್ದೊಂದು ಬಂದದ್ದು ಬಹು ದೂರದಿಂದ. 1859ರಲ್ಲಿ ಅಮೆರಿಕದ ಟೈಟಸ್‌ವಿಲ್ಲಿನಲ್ಲಿ ಕಲ್ಲೆಣ್ಣೆಯ ಬಾವಿ ಕೊರೆದರು. ಪಂಪಿನ ಸರಳುಗಳಿಗೆ ಮೇಣದಂಥ ಜಿಡ್ಡು ಮೆತ್ತಿಕೊಂಡು ಕೂಲಿಗಾರರಿಗೆ ಪೀಡೆಯಾಗಿತ್ತು. ಆದರೂ ಅವರು ಅದನ್ನೇ ತಮ್ಮ ಗಾಯಗಳಿಗೂ ಸುಟ್ಟ ಕೈಗಳಿಗೂ ಸವರಿಕೊಳ್ಳುತ್ತಿದ್ದರು. ಅದನ್ನು ಗಮನಿಸಿದ ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಜ್ಞ, ಜಿಡ್ಡನ್ನು ಶುದ್ಧಿಮಾಡಿ 1872ರಲ್ಲಿ ಪೇಟೆಂಟ್ ಪಡೆದ. ಅದೇ ವ್ಯಾಸಲೀನ್. ಹೆಸರೂ ಹಣವೂ ಚೀಸ್‌ಬ್ರೋಗೆ ಸಂದವು. ಗುಣವನ್ನು ಮೊದಲು ಕಂಡುಕೊಂಡದ್ದು ಒಡೆದ ಕೈಗಳು.

ಎಳ್ಳೆಣ್ಣೆಯಾಗಲಿ ವ್ಯಾಸಲೀನ್ ಆಗಲಿ ಚರ್ಮಕ್ಕೆ ನೀರು ಕೊಡುವುದಿಲ್ಲ. ಒಳಗಿರುವ ನೀರು ಆರಿಹೋಗದಂತೆ ತಡೆಯುತ್ತವೆ, ಅಷ್ಟೆ. ಚಳಿಗಾಲದ ಒಣ ಗಾಳಿ ಮೈಯ ತೇವವನ್ನು ಹೀರುತ್ತದೆ. ಹಂಡೆಯ ಸುಡುನೀರೂ ಸೋಪೂ ಚರ್ಮದ ಸಹಜವಾದ ಜಿಡ್ಡನ್ನು ತೊಳೆದು ಆ ಕೆಲಸವನ್ನು ಸುಲಭ ಮಾಡಿಕೊಡುತ್ತವೆ. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ಹಸಿಯಾಗಿರುವಾಗಲೇ ತೆಳುವಾಗಿ ಸವರಿಕೊಳ್ಳುವುದು ಒಳ್ಳೆಯದು. ಇದಕ್ಕೆ ಕಸ್ತೂರಿಯೂ ಬೇಡ, ದುಬಾರಿ ಡಬ್ಬಿಯೂ ಬೇಡ.

ಈ ಚಳಿಗಾಲದಲ್ಲಿ ಬೆಳಗಿನ ತಣ್ಣೀರಿನಲ್ಲಿ ನಿಮ್ಮ ಮನೆಯ ಪಾತ್ರೆ ತೊಳೆಯಲು ಬರುವಾಕೆಯ ಕೈಬೆರಳುಗಳನ್ನು ಒಮ್ಮೆ ನೋಡಿ. ಕ್ರೀಮು ಕೊಳ್ಳಲು ಹೋದವರು ಇನ್ನೊಂದು ಸಣ್ಣ ಡಬ್ಬಿ ತರುವುದು ಏನೂ ಕಷ್ಟವಲ್ಲ. ತೊಳೆಯಲು ಒಂದಿಷ್ಟು ಬಿಸಿನೀರು ಕೊಟ್ಟರೆ ಇನ್ನೂ ಲೇಸು.