ಸಸ್ತನಿಗಳ ಲಿಂಗವರ್ಣತಂತುಗಳ ಮೂಲವಿಚಾರ

ಸಸ್ತನಿವರ್ಗದಲ್ಲಿ ಸಾಮಾನ್ಯವಾಗಿ ಹೆಣ್ಣಿಗೆ ಎಕ್ಸ್ ಎಂಬ ವರ್ಣತಂತುಗಳೆರಡೂ, ಗಂಡಿಗೆ ಎಕ್ಸ್ ಒಂದೂ ವೈ ಒಂದೂ ಇರುವುವು. ಮನುಷ್ಯನ ಎಕ್ಸ್ ತಂತುವಿನಲ್ಲಿ ಅನುವಂಶಲಿಪಿಯ ಅಕ್ಷರಜೋಡಿಗಳು ಸುಮಾರು 15 ಕೋಟಿ 40 ಲಕ್ಷ. 2023ರಲ್ಲಿ ಆದ್ಯಂತವಾಗಿ ಓದಲ್ಪಟ್ಟ ವೈಯಲ್ಲಿ ಸುಮಾರು 6 ಕೋಟಿ 20 ಲಕ್ಷ. ಇಷ್ಟು ವಿಷಮವಾದ ಈ ತಂತುದ್ವಯವು ಏಕಮೂಲವೆಂಬುದಕ್ಕೆ ಪ್ರಮಾಣವೇನು? ವೈಯ ಕ್ಷಯವು ಅದರ ನಾಶದಲ್ಲಿಯೇ ಮುಗಿಯತಕ್ಕುದೋ? ಇವೆರಡೂ ವಿಚಾರಾರ್ಹವಾದ ವಿಷಯಗಳು.

1891ರಲ್ಲಿ ಜರ್ಮನಿಯ ಹರ್ಮನ್ ಹೆಂಕಿಂಗರು ಕೀಟವೊಂದರ ವೀರ್ಯಕೋಶಗಳಲ್ಲಿ ಸ್ವರೂಪವು ತಿಳಿಯದ ವಸ್ತುವೊಂದನ್ನು ಕಂಡು ಅದನ್ನು ಎಕ್ಸ್ ಎಂದು ಗುರುತಿಸಿದರು. 1905ರಲ್ಲಿ ಅಮೆರಿಕದ ವಿದುಷಿ ನೆಟ್ಟಿ ಸ್ಟೀವನ್ಸರು ಹಿಟ್ಟುಹುಳುವಿನ ಹೆಣ್ಣಿನಲ್ಲಿ 20 ದೊಡ್ಡ ತಂತುಗಳನ್ನೂ, ಗಂಡಿನಲ್ಲಿ 19 ದೊಡ್ಡವನ್ನೂ ಒಂದು ಚಿಕ್ಕದನ್ನೂ ಎಣಿಸಿ, ಲಿಂಗನಿರ್ಣಯವು ತಂದೆಯ ಬೀಜವನ್ನು ಅನುಸರಿಸುವುದೆಂದು ತೋರಿಸಿದರು. ಅದೇ ವರ್ಷ ಎಡ್ಮಂಡ್ ವಿಲ್ಸನ್ನರೂ ಬೇರೆ ಕೀಟಗಳಲ್ಲಿ ತಂತುಗಳಿಗೂ ಲಿಂಗಕ್ಕೂ ಇರುವ ಸಂಬಂಧವನ್ನು ಸ್ವತಂತ್ರವಾಗಿ ಕಂಡರು. ಸಸ್ತನಿಗಳಲ್ಲಿ ಗಂಡುತನಕ್ಕೆ ವೈಯೇ ಕಾರಣವೆಂಬುದು 1959ರಲ್ಲಿ ಸಿದ್ಧವಾಯಿತು: ಎಕ್ಸ್ ಒಂದೇ ಇದ್ದು ವೈ ಇಲ್ಲದ ಇಲಿ ಹೆಣ್ಣು, ಎಕ್ಸ್ ಎರಡಿದ್ದು ವೈಯೂ ಇರುವ ಮನುಷ್ಯ ಗಂಡು. ಆ ಕಾರ್ಯವನ್ನು ನಡೆಯಿಸುವ ಎಸ್‌ಆರ್‌ವೈ ಎಂಬ ವಂಶವಾಹಿಯನ್ನು 1990ರಲ್ಲಿ ಲಂಡನ್ನಿನ ವಿದ್ವಾಂಸರು ಗುರುತಿಸಿದರು.

ಎಕ್ಸ್ ವೈಗಳೆರಡೂ ಪೂರ್ವದಲ್ಲಿ ಒಂದು ಸಾಧಾರಣ ಸಮಜೋಡಿಯಾಗಿದ್ದುವೆಂಬ ಮತವನ್ನು ಸುಸುಮು ಓನೊ ಅವರು 1967ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಒಂದು ತಂತುವಿಗೆ ಗಂಡುತನದ ಅಧಿಕಾರವು ಬಂದ ಮೇಲೆ ಜೋಡಿಯ ಪರಸ್ಪರ ವಿನಿಮಯವು ಭಾಗಭಾಗವಾಗಿ ನಿಂತಿತು. ವಿನಿಮಯವಿಲ್ಲದೆ ದೋಷಗಳು ಸೇರಿ ವೈ ಕೃಶವಾಯಿತು. ಲಿಪಿಭೇದದಿಂದ ಶಾಸನಗಳ ಕಾಲವನ್ನು ನಿರ್ಣಯಿಸುವಂತೆ, 1999ರಲ್ಲಿ ಬ್ರೂಸ್ ಲಾನ್, ಡೇವಿಡ್ ಪೇಜ್ ಎಂಬವರು ಎರಡು ತಂತುಗಳಲ್ಲಿಯೂ ಉಳಿದಿರುವ 19 ಜೋಡಿ ವಂಶವಾಹಿಗಳ ಪಾಠಭೇದವನ್ನು ಅಳೆದು, ಕಾಲಕ್ರಮದ ನಾಲ್ಕು ಸ್ತರಗಳನ್ನು ಬೇರ್ಪಡಿಸಿದರು. ಮೊಟ್ಟೆಯಿಡುವ ಪ್ಲಾಟಿಪಸ್ಸಿನಲ್ಲಿ ನಮ್ಮ ಎಕ್ಸಿಗೆ ಸಮನಾದುದು ಸಾಧಾರಣ ತಂತುವಾಗಿಯೇ ಇದೆಯೆಂದು 2008ರಲ್ಲಿ ತಿಳಿದುಬಂದಿತು. ಏಕಮೂಲತ್ವಕ್ಕೆ ಇದು ಬಲವಾದ ಸಾಕ್ಷಿ.

ಕ್ಷಯವು ಹೀಗೆಯೇ ನಡೆದು ವೈ ಅಳಿಯುವುದೆಂಬುದು ಪೂರ್ವಪಕ್ಷ. ಆದರೆ ಮನುಷ್ಯನ ವೈಯನ್ನು ರೀಸಸ್ ಕೋತಿಯ ವೈಯೊಡನೆ 2012ರಲ್ಲಿ ಹೋಲಿಸಲು, ಸುಮಾರು 2 ಕೋಟಿ 50 ಲಕ್ಷ ವರ್ಷಗಳಲ್ಲಿ ಮನುಷ್ಯವಂಶವು ಕಳೆದುಕೊಂಡ ಪೂರ್ವಿಕ ವಂಶವಾಹಿ ಒಂದೇ ಎಂದು ಕಂಡಿತು. ಜಪಾನಿನ ಅಮಾಮಿ ದ್ವೀಪದ ಮುಳ್ಳಿಲಿಯಲ್ಲಿಯೋ ವೈ ನಿಜವಾಗಿಯೇ ಅಳಿದಿದೆ. ಆದರೂ ಗಂಡುಗಳು ಹುಟ್ಟುತ್ತಿರುವುವು. ಸಾಕ್ಸ್9 ಎಂಬ ವಂಶವಾಹಿಯ ಬಳಿ ಇಮ್ಮಡಿಯಾದ ಖಂಡವೊಂದು ಅಲ್ಲಿ ಆ ಕಾರ್ಯವನ್ನು ವಹಿಸಿಕೊಂಡಿರುವುದೆಂದು 2022ರ ಶೋಧನೆಯು ಸೂಚಿಸುವುದು. ಆದುದರಿಂದ ಕ್ಷಯವು ಸಮವೇಗದ್ದೆಂದು ಭಾವಿಸಿ ವೈಯ ಆಯುಸ್ಸನ್ನು ಗಣಿಸುವುದು ಯುಕ್ತವಲ್ಲ. ವೈ ಅಳಿದಲ್ಲಿ ಗಂಡುತನವೂ ಅಳಿಯಬೇಕೆಂಬ ನಿಯಮವೂ ಇಲ್ಲ.