ಬಂಜರೆಂದು ಬರೆದ ಹೊಲಗಳು

ಏಳು ಜಿಲ್ಲೆಗಳ ಕರೆಂಟಿನ ಲೆಕ್ಕ ನಡೆಯುವುದು ಹುಬ್ಬಳ್ಳಿ ನವನಗರದ ಹೆಸ್ಕಾಂ ಕಚೇರಿಯಲ್ಲಿ. ಈ ಸೀಮೆಯೊಳಗೆ ಕೆಲವೇ ವರ್ಷಗಳ ಅಂತರದಲ್ಲಿ ಮೂರು ಕಡೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂತು: ತದಡಿ, ಹಣಕೋಣ, ಕೂಡಗಿ. ಮೂರೂ ಕಡೆ ಜನ ಬೇಡವೆಂದರು. ಎರಡು ಕಡೆ ಗೆದ್ದರು. ಮೂರನೆಯ ಕಡೆ ನ್ಯಾಯಪೀಠದ ಮುಂದೆ ಗೆದ್ದು ಹೊಲದಲ್ಲಿ ಸೋತರು.

ಇಂಥ ಜಗಳಕ್ಕೆ ಧಾರವಾಡ ಸೀಮೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರ ಸುಮಾರು 75,000 ಎಕರೆ ಗೋಮಾಳ, ಕುರುಚಲು ಕಾಡನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಒಪ್ಪಿಸಿತು. ಸರ್ಕಾರಿ ಕಾಗದದಲ್ಲಿ ಅದು ಪಾಳು ಭೂಮಿ. ದನ ಮೇಯಿಸಲು, ಸೌದೆ ತರಲು ದಿನವೂ ಅಲ್ಲಿಗೇ ಹೋಗುತ್ತಿದ್ದವರಿಗೆ ಹಾಗೆ ಕಂಡಿರಲಿಲ್ಲ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಕುಸನೂರಿನಲ್ಲಿ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜತೆ ನಿಂತು ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂದರೆ ಇದೇ. 1991ರಲ್ಲಿ ಕಂಪನಿ ಬಾಗಿಲು ಹಾಕಿತು.

ತದಡಿಯಲ್ಲೂ ಕಾಗದಕ್ಕೆ ಕಾಣದ ಬದುಕಿತ್ತು. 2006ರ ಹೊತ್ತಿಗೆ ಕೇಂದ್ರದ 4,000 ಮೆಗಾವಾಟ್‌ ಸ್ಥಾವರಗಳ ಪಟ್ಟಿಯಲ್ಲಿ ಅದರ ಹೆಸರು ಬಂದಾಗ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆಯ ಉಪ್ಪು ನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿತ್ತು. ನೀರಿಳಿದಾಗ ಹೆಂಗಸರು ಕೆಸರಿಗಿಳಿದು ಬೆಳಚೆಂಬ ಚಿಪ್ಪುಜೀವಿ ಆರಿಸುತ್ತಿದ್ದರು. ಬಿಸಿನೀರು, ಬೂದಿ ಈ ಹೊಳೆಗೆ ಬಿದ್ದರೆ ಏನಾದೀತೆಂದು ಅವರಿಗೆ ಯಾರೂ ಉಪನ್ಯಾಸ ಕೊಡಬೇಕಿರಲಿಲ್ಲ. ಯೋಜನೆ ಬಿದ್ದುಹೋಯಿತು. ಅದೇ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಕಾರವಾರ ತಾಲ್ಲೂಕಿನ ಹಣಕೋಣದ್ದೂ ಹೆಚ್ಚುಕಡಿಮೆ ಇದೇ ಕತೆ. ಕೈಗಾ ಅಣುಸ್ಥಾವರ, ಕದ್ರಾ ಅಣೆಕಟ್ಟು, ನೌಕಾನೆಲೆ ಸೀಬರ್ಡ್‌ಗೆ ನೆಲ ಕೊಟ್ಟು ಸಾಕಾಗಿದ್ದ ತಾಲ್ಲೂಕು ಇಂಡ್-ಭಾರತ್ ಕಂಪನಿಗೆ ಜಾಗ ಬಿಡಲಿಲ್ಲ. ಕರಾವಳಿಗರ ಕಣ್ಣ ಮುಂದೆ ನಂದಿಕೂರಿನ ಉದಾಹರಣೆಯೂ ಇತ್ತು. 1999ರಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಾಲ್ತೆಗೆದಾಗ ಮುಗಿಯಿತೆಂದುಕೊಂಡದ್ದು, ಬೇರೆ ಕಂಪನಿಯ ಕೈಯಲ್ಲಿ 2010ರಲ್ಲಿ ಉಡುಪಿ ಸ್ಥಾವರವಾಗಿ ಎದ್ದಿತ್ತು.

ಕೂಡಗಿಯ ಮಾತೇ ಬೇರೆ. ಬಸವನಬಾಗೇವಾಡಿ ಸೀಮೆಯ ಈ ಊರಿನ ಹತ್ತಿರ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರಕ್ಕೆ 2012ರ ಜನವರಿಯಲ್ಲಿ ಪರಿಸರ ಅನುಮತಿ ಸಿಕ್ಕಿತು. ಎಂ.ಪಿ. ಪಾಟೀಲ ಎಂಬವರು ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದರು. ಜೋಳ, ತೊಗರಿ, ಉಳ್ಳಾಗಡ್ಡಿ ಬೆಳೆಯುವ ಸೀಮೆಯಲ್ಲಿ ಬಹುಪಾಲು ಜಮೀನು ಬಂಜರು, ಕಲ್ಲುನೆಲ ಎಂದು ಅರ್ಜಿಯಲ್ಲಿ ತೋರಿಸಿದ್ದೇ ಅಲ್ಲಿ ದೊಡ್ಡ ಪ್ರಶ್ನೆಯಾಯಿತು. 2014ರ ಮಾರ್ಚ್ 13ರಂದು ಮಂಡಳಿ ಅನುಮತಿಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳಿಸಿತು. ಅಷ್ಟೊತ್ತಿಗೆ ಕಾಮಗಾರಿ ಬಹಳ ಮುಂದೆ ಹೋಗಿತ್ತು. ತೀರ್ಪಿಗಿಂತ ಸಿಮೆಂಟಿನ ಓಟ ಯಾವಾಗಲೂ ಜೋರು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ಪೊಲೀಸರ ಗೋಲಿಬಾರ್ ನಡೆಯಿತು, ಜನ ಗಾಯಗೊಂಡರು. 2017–18ರಲ್ಲಿ ಮೂರೂ ಘಟಕಗಳು ಒಂದರ ಹಿಂದೆ ಒಂದು ಶುರುವಾದವು.

ಕೂಡಗಿಗೆ ಕಲ್ಲಿದ್ದಲು ಬರುವ ಗದಗ–ಹೊಟಗಿ ಮಾರ್ಗ 1884ರದು. 1876–78ರ ಬರದ ನಂತರ, ಮುಂದೆ ಬರ ಬಿದ್ದರೆ ಕಾಳು ಸಾಗಿಸಲೆಂದು ಹುಟ್ಟಿ ಈ ಮಾರ್ಗ ಹಾಕಿದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ, ಈಗ ಕರ್ನಾಟಕ ಕಾಲೇಜು ಇರುವ ಕಟ್ಟಡದಲ್ಲಿ. ಅದೇ ಮಾರ್ಗದ ಹೊಟಗಿ–ಕೂಡಗಿ ಭಾಗಕ್ಕೆ ಎನ್‌ಟಿಪಿಸಿಯ ಹಣದಿಂದ ಜೋಡಿ ಹಳಿ ಬಿತ್ತು.

ಈಚೆಗೆ ಜಗಳ ಚಿಮಣಿ ಬಿಟ್ಟು ಹಳಿಯ ಮೇಲೇ ಬಂದಿದೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆ ವಲಯದ ಕ್ಯಾಸಲ್‌ರಾಕ್–ಕುಲೆಂ ಜೋಡಿ ಹಳಿ ಕಲ್ಲಿದ್ದಲು ಸಾಗಿಸಲೆಂದೇ ಬರುತ್ತಿದೆಯೆಂದು ಗೋವಾದವರು 2020ರ ನವೆಂಬರ್‌ನಲ್ಲಿ ಚಾಂದರ್‌ನಲ್ಲಿ ರಾತ್ರಿ ಹಳಿಯ ಮೇಲೆ ಸೇರಿದರು. 2022ರ ಮೇ 9ರಂದು ಸುಪ್ರೀಂ ಕೋರ್ಟು ಆ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಪೂರ್ತಿ ಅಧ್ಯಯನ ಮಾಡಿಸಿಕೊಂಡು ಮತ್ತೆ ಅರ್ಜಿ ಹಾಕಲು ರೈಲ್ವೆಗೆ ಅವಕಾಶ ಉಳಿಸಿತು.