ಮಂಗಳೂರು ಬನ್ಸ್

ಬನ್ಸ್ ಕರಾವಳಿ ಕರ್ನಾಟಕದ ಸಾಂಪ್ರದಾಯಿಕ ತಿಂಡಿಯಾಗಿರುತ್ತದೆ. ಮಾಗಿದ ಬಾಳೆಹಣ್ಣನ್ನು ಮೈದಾದೊಂದಿಗೆ ಕಲಸಿ, ಪೂರಿಯಂತೆ ಲಟ್ಟಿಸಿ, ಎಣ್ಣೆಯಲ್ಲಿ ಕರಿದು ಇದನ್ನು ತಯಾರಿಸಲಾಗುತ್ತದೆ. ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಬೆಳಗಿನ ಉಪಾಹಾರಕ್ಕೆ ಮತ್ತು ಸಂಜೆಯ ತಿಂಡಿಗೆ ಇದು ಬಳಕೆಯಲ್ಲಿದೆ. ಹೆಸರು ಇಂಗ್ಲಿಷಿನಿಂದ ಬಂದಿದ್ದರೂ ಇದು ಬೇಕರಿಯ ಬನ್ನಿನಿಂದ ಭಿನ್ನವಾದುದು. ಇದಕ್ಕೆ ಯೀಸ್ಟ್ ಬಳಸುವುದಿಲ್ಲ.

ಮಾಗಿದ ಹಣ್ಣಿನ ಸದುಪಯೋಗ

ಬಾಳೆಯು ಕಟಾವಿನ ನಂತರವೂ ಮಾಗುತ್ತಲೇ ಹೋಗುವ ಹಣ್ಣು. ಚಿಪ್ಪಿನ ಹಣ್ಣುಗಳು ಹೆಚ್ಚುಕಡಿಮೆ ಒಟ್ಟಿಗೇ ಮಾಗುವುದರಿಂದ ಮನೆಯವರು ತಿಂದು ಮುಗಿಸುವ ಮುನ್ನವೇ ಕೆಲವು ಹಣ್ಣುಗಳ ಸಿಪ್ಪೆ ಕಪ್ಪಾಗುತ್ತದೆ. ಅಂಗಡಿಯಲ್ಲಿ ಇಂತಹ ಹಣ್ಣನ್ನು ಕೊಳ್ಳುವವರು ವಿರಳ. ಬನ್ಸ್ ತಯಾರಿಕೆಗೆ ಮಾತ್ರ ಇದೇ ಹಣ್ಣು ಉತ್ತಮ. ಬಾಳೆಕಾಯಿಯಲ್ಲಿ ಸುಮಾರು ಶೇ. 20ರಷ್ಟಿರುವ ಪಿಷ್ಟವು ಪೂರ್ಣವಾಗಿ ಮಾಗಿದಾಗ ಶೇ. 1ರಿಂದ 2ಕ್ಕೆ ಇಳಿದು, ಬಹುಪಾಲು ಸಕ್ಕರೆಯಾಗಿ ಪರಿವರ್ತನೆ ಹೊಂದುತ್ತದೆ. ಆದ್ದರಿಂದ ಹೆಚ್ಚು ಸಕ್ಕರೆ ಬೇಕಾಗುವುದಿಲ್ಲ. ತಿರುಳಿನ ತೇವಾಂಶವಿರುವುದರಿಂದ ನೀರನ್ನೂ ಸೇರಿಸುವುದಿಲ್ಲ. ಬೂಷ್ಟು ಹಿಡಿದ ಅಥವಾ ಹುಳಿವಾಸನೆ ಬಂದ ಹಣ್ಣನ್ನು ಬಳಸಬಾರದು.

ಬೇಕಾಗುವ ಸಾಮಗ್ರಿಗಳು

1. ಚೆನ್ನಾಗಿ ಮಾಗಿದ ಮಧ್ಯಮ ಗಾತ್ರದ ಬಾಳೆಹಣ್ಣು – 2
2. ಮೈದಾ – ಸುಮಾರು 300 ಗ್ರಾಂ
3. ಸಕ್ಕರೆ – 2ರಿಂದ 3 ದೊಡ್ಡ ಚಮಚ
4. ಮೊಸರು – 3 ದೊಡ್ಡ ಚಮಚ
5. ಜೀರಿಗೆ – 1 ಸಣ್ಣ ಚಮಚ
6. ಅಡುಗೆ ಸೋಡಾ – ಕಾಲು ಸಣ್ಣ ಚಮಚ
7. ತುಪ್ಪ – 1 ಸಣ್ಣ ಚಮಚ
8. ರುಚಿಗೆ ಉಪ್ಪು, ಕರಿಯಲು ಎಣ್ಣೆ

ತಯಾರಿಸುವ ವಿಧಾನ

ಹಣ್ಣು ಮತ್ತು ಸಕ್ಕರೆಯನ್ನು ಗಂಟಿಲ್ಲದಂತೆ ಕಿವುಚಿ, ಮೊಸರು, ಉಪ್ಪು, ಜೀರಿಗೆ ಹಾಗೂ ಸೋಡಾ ಬೆರೆಸಬೇಕು. ಮೈದಾವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮೃದುವಾಗಿ ನಾದಿ, ತುಪ್ಪ ಸವರಿ, ಮುಚ್ಚಿ, ಕನಿಷ್ಠ 3ರಿಂದ 4 ಗಂಟೆ ಅಥವಾ ರಾತ್ರಿಯಿಡೀ ಇಡಬೇಕು. ಮೊಸರಿನ ಆಮ್ಲ ಮತ್ತು ಸೋಡಾ ಸೇರಿ ಅನಿಲ ಉತ್ಪತ್ತಿಯಾಗುವುದರಿಂದ ಬನ್ಸ್ ಒಳಗೆ ಹಗುರವಾಗುತ್ತದೆ. ನಂತರ ಪೂರಿಗಿಂತ ದಪ್ಪನಾಗಿ ಲಟ್ಟಿಸಿ, ಮಧ್ಯಮ ಉರಿಯಲ್ಲಿ ಎರಡೂ ಬದಿ ಕಂದುಬಣ್ಣ ಬರುವವರೆಗೆ ಕರಿಯಬೇಕು. ಉರಿ ಹೆಚ್ಚಾದಲ್ಲಿ ಹೊರಭಾಗ ಕಪ್ಪಾಗಿ ಒಳಭಾಗ ಹಸಿಯಾಗಿ ಉಳಿಯುತ್ತದೆ. ಕಾಯಿಚಟ್ನಿ ಅಥವಾ ಸಾಂಬಾರಿನೊಂದಿಗೆ ಬಡಿಸಲಾಗುತ್ತದೆ.

ಗಮನಿಸಬೇಕಾದ ಅಂಶಗಳು

* ಕರಿದ ಎಣ್ಣೆಯನ್ನು ಪದೇ ಪದೇ ಕಾಯಿಸಿ ಬಳಸುವುದು ಆರೋಗ್ಯಕ್ಕೆ ಹಾನಿಕರ. ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25ನ್ನು ಮೀರಿದ ಎಣ್ಣೆಯನ್ನು ಆಹಾರ ಉದ್ದಿಮೆದಾರರು ಬಳಸುವುದನ್ನು 1-7-2018ರಿಂದ ನಿಷೇಧಿಸಲಾಗಿದೆ.
* ಮೈದಾ, ಸಕ್ಕರೆ ಹಾಗೂ ಎಣ್ಣೆ ಇರುವುದರಿಂದ ಮಧುಮೇಹಿಗಳು ಮಿತವಾಗಿ ಸೇವಿಸುವುದು ಸೂಕ್ತ.